ಇನ್ನೂರ ಮೂವತ್ತೇಳರ ನಾಲ್ಕು ನಿಮಿಷ

ದೊಡ್ಡ ಯುದ್ಧಕ್ಕೆ ಕಾರಣಗಳು ಐದು: ಗಡಿ ಸೇತುವೆಯ ವಿವಾದ, ದೇಶದೇಶಗಳ ನಡುವಿನ ಗುಪ್ತ ಒಪ್ಪಂದಗಳು, ಶಸ್ತ್ರಾಸ್ತ್ರಗಳ ಪೈಪೋಟಿ, ವ್ಯಾಪಾರದ ಹೊಟ್ಟೆಕಿಚ್ಚು, ಮಿತಿಮೀರಿದ ರಾಷ್ಟ್ರಾಭಿಮಾನ. ಒಂದೊಂದಕ್ಕೆ ಎರಡು ಅಂಕ. ಏಳನೇ ತರಗತಿಯಲ್ಲಿ ನಾನು ಇವನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿ ಹತ್ತಕ್ಕೆ ಹತ್ತು ಗಿಟ್ಟಿಸಿಕೊಂಡು ಮನೆಗೆ ಬಂದಾಗ, ಪುಸ್ತಕದಲ್ಲಿ ಜಾಗ ಸಿಗದ ಆರನೆಯ ಕಾರಣ ನಮ್ಮ ಮನೆ ಮಹಡಿಯ ಕಿಟಕಿ ಪಕ್ಕ ಕಾಲ ಮೇಲೆ ಕಾಲು ಹಾಕಿ ಕೂತು ಪೆನ್ಸಿಲ್ ಕೆತ್ತುತ್ತಿತ್ತು.

ಅವರು ನನ್ನ ದೊಡ್ಡಪ್ಪ. ರೈಲ್ವೆಯ ಮುಖ್ಯ ಕಚೇರಿಯಲ್ಲಿ ವೇಳಾಪಟ್ಟಿ ವಿಭಾಗದ ಹಿರಿಯ ಗುಮಾಸ್ತರು. ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದುದು ‘ಟೈಮ್‌ಟೇಬಲ್’ ಎಂದೇ. ಅವರು ಚಹಾ ಕುಡಿದು ಲೋಟ ಕೆಳಗಿಟ್ಟ ಸದ್ದಿಗೆ ಎದುರುಮನೆಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ತಾನು ಹುಟ್ಟಿದ್ದು ಕೂಡ ಸೂಲಗಿತ್ತಿ ಹೇಳಿದ ಗಂಟೆಗೆ ಸರಿಯಾಗಿ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಸೂಲಗಿತ್ತಿಯೇ ಎರಡು ನಿಮಿಷ ತಡವಾಗಿ ಬಂದಳಂತೆ. ‘ನೀವು ಲೇಟು’ ಎಂಬ ಮಾತನ್ನು ಅವರಿಗೆ ಹೇಳಿದ ಮನುಷ್ಯಪ್ರಾಣಿ ಭೂಮಿಯ ಮೇಲೆ ಇರಲಿಲ್ಲ.

ಮನೆ ಎರಡು ಅಂತಸ್ತಿನದು. ಕೆಳಗೆ ನಮ್ಮಪ್ಪನ, ಅಂದರೆ ದೊಡ್ಡಪ್ಪನ ಒಬ್ಬನೇ ತಮ್ಮನ, ಚಪ್ಪಲಿ-ಬೂಟು ರಿಪೇರಿ ಅಂಗಡಿ. ಅಂಗಡಿಯ ಹಿಂದೆ ಎರಡು ಕೋಣೆಗಳಲ್ಲಿ ಅಪ್ಪ, ಅಮ್ಮ, ನಾನು. ಮೇಲೆ ದೊಡ್ಡಪ್ಪ, ದೊಡ್ಡಮ್ಮ, ಅವರ ಒಬ್ಬನೇ ಮಗ. ದೊಡ್ಡಮ್ಮ ಮನೆಯಲ್ಲೇ ಕೂತು ಶರ್ಟು ಹೊಲಿಯುತ್ತಿದ್ದರು. ಮೇಲಿನಿಂದ ಹೊಲಿಗೆ ಯಂತ್ರದ ಸದ್ದು, ಕೆಳಗಿನಿಂದ ಸುತ್ತಿಗೆಯ ಸದ್ದು. ಮಗ ಪುರಸಭೆಯ ತೋಟದಲ್ಲಿ ಮಾಲಿ. ಭೂಮಿಯ ಮೇಲಿನ ಅತ್ಯಂತ ಚುರುಕು ಮನುಷ್ಯನಿಗೆ ಅತ್ಯಂತ ನಿಧಾನದ ಮಗ ಹುಟ್ಟಿದ್ದ. ಅವನ ಅಡ್ಡಹೆಸರು ‘ನಿಧಾನಿ’. ಬೀಜ ನೆಟ್ಟು ಮೊಳಕೆ ಬರುವ ತನಕ ಪಕ್ಕದಲ್ಲೇ ಕೂತು ಕಾಯಬಲ್ಲ ಆಸಾಮಿ.

ದೊಡ್ಡಪ್ಪನ ಜೀವನದ ಮಹಾಕೃತಿ ಒಂದು ಹಾಳೆ. ಮಂಚದಷ್ಟು ಅಗಲ. ಎಡಗಡೆ ಮೇಲಿನಿಂದ ಕೆಳಕ್ಕೆ ರಾಜಧಾನಿಯಿಂದ ಗಡಿಯವರೆಗಿನ ಸ್ಟೇಷನ್ನುಗಳ ಹೆಸರು; ನೆತ್ತಿಯ ಮೇಲೆ ಅಡ್ಡಕ್ಕೆ ಗಂಟೆ-ನಿಮಿಷ. ಒಂದೊಂದು ರೈಲಿಗೆ ಒಂದೊಂದು ಓರೆ ಗೆರೆ. ಗೆರೆಯ ಮೇಲೆ ಬೆರಳಿಟ್ಟರೆ ಯಾವ ರೈಲು ಎಷ್ಟು ಹೊತ್ತಿಗೆ ಎಲ್ಲಿರುತ್ತದೆಂದು ಹೇಳಬಹುದು. ಮಾಮೂಲಿ ಹಾಳೆಯಲ್ಲಿ ಹೋಗುವ ರೈಲಿನ ಗೆರೆಗಳೂ ಬರುವ ರೈಲಿನ ಗೆರೆಗಳೂ ಒಂದನ್ನೊಂದು ಕತ್ತರಿಸಿ ಮೀನಿನ ಬಲೆಯ ಹಾಗೆ ಕಾಣುತ್ತವೆ. ದೊಡ್ಡಪ್ಪನ ಹಾಳೆ ಹಾಗಲ್ಲ, ಅದು ಯುದ್ಧದ ಹಾಳೆ. ಎಂದಾದರೂ ಯುದ್ಧವಾದರೆ ಸೈನ್ಯವನ್ನು ಗಡಿಗೆ ಸಾಗಿಸಲು ಎಂಟು ದಿನ, ನಾನೂರ ಹನ್ನೆರಡು ರೈಲು. ಎಲ್ಲ ಗೆರೆಯೂ ಒಂದೇ ಕಡೆಗೆ, ಎಣ್ಣೆ ಹಚ್ಚಿ ಬಾಚಿದ ಕೂದಲಿನ ಹಾಗೆ. ಒಂದು ಗೆರೆ ಇನ್ನೊಂದನ್ನು ಮುಟ್ಟುವುದಿಲ್ಲ, ಒಂದು ರೈಲು ಇನ್ನೊಂದಕ್ಕೆ ಕಾಯುವುದಿಲ್ಲ. ದೊಡ್ಡಪ್ಪ ಅದನ್ನು ನೋಡುವಾಗ ಅವರ ಕಣ್ಣಲ್ಲಿ ಬರುತ್ತಿದ್ದ ಹೊಳಪು ಮದುವೆಯ ದಿನವೂ ಬಂದಿರಲಿಲ್ಲ ಎಂದು ದೊಡ್ಡಮ್ಮ ಸಾಕ್ಷಿ ಹೇಳುತ್ತಾರೆ.

ಗಡಿಯತ್ತ ಹೋಗುವ ರೈಲಿಗೆ ಬೆಸ ಸಂಖ್ಯೆ, ಗಡಿಯಿಂದ ಬರುವ ರೈಲಿಗೆ ಸಮ ಸಂಖ್ಯೆ, ಇದು ರೈಲ್ವೆಯ ಪದ್ಧತಿ. ಹಾಗಾಗಿ ಆ ಹಾಳೆಯಲ್ಲಿ ಒಂದು, ಮೂರು, ಐದು ಎಂದು ಶುರುವಾಗಿ ಎಂಟುನೂರ ಇಪ್ಪತ್ತಮೂರರ ತನಕ ಬರೀ ಬೆಸ ಸಂಖ್ಯೆಗಳು. ಸಮ ಸಂಖ್ಯೆಯ ಒಂದೇ ಒಂದು ರೈಲೂ ಇಲ್ಲ. ಹೋದವರು ವಾಪಸು ಬರುವ ಹಾಳೆಯನ್ನು ಯಾರೂ ಮಾಡಿರಲಿಲ್ಲ.

ಮಾಡಬೇಕೆಂದು ಹೊಳೆದಿರಲಿಲ್ಲ ಅಂತಲ್ಲ. ಮೊದಲ ವರ್ಷ ದೊಡ್ಡಪ್ಪ ‘ಹಿಂದಿರುಗುವ ಹಾಳೆಯನ್ನೂ ತಯಾರಿಸಬಹುದೇ?’ ಎಂದು ಒಂದು ಟಿಪ್ಪಣಿ ಇಟ್ಟಿದ್ದರು. ವಿಭಾಗದ ದೊಡ್ಡ ಸಾಹೇಬರು ಅದರ ಅಂಚಿನಲ್ಲಿ ‘ಮುಂದಿನ ವರ್ಷ ನೋಡೋಣ’ ಎಂದು ಬರೆದರು. ಅಂಥ ಮುಂದಿನ ವರ್ಷಗಳು ಹನ್ನೆರಡು ಕಳೆದವು. ಪ್ರತಿವರ್ಷ ಸೇನಾಪತಿಗಳು ತಪಾಸಣೆಗೆ ಬರುತ್ತಿದ್ದರು, ಮೇಜಿನ ಮೇಲೆ ಹಾಳೆ ಹಾಸುತ್ತಿದ್ದರು.

“ಗಡಿ ತಲುಪೋಕೆ ಎಷ್ಟು ದಿನ?”

“ಎಂಟು, ಸಾರ್. ಹೋದ ವರ್ಷ ಒಂಬತ್ತಿತ್ತು.”

“ಭೇಷ್!”

ಚಪ್ಪಾಳೆ, ಬಿಸ್ಕತ್ತು, ಚಹಾ. ವಾಪಸು ಬರುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಕೇಳಿದರೆ ಸೋಲುವ ಯೋಚನೆ ಇದೆ ಅಂತಾಗುತ್ತದೆ. ಸೇನಾಪತಿಗಳು ಅಂಥ ಅಪಶಕುನ ಆಡುವ ಜನವಲ್ಲ.

ಇನ್ನು ಯುದ್ಧ ಹೇಗೆ ಬಂತು ಎಂಬ ಘನವಾದ ವಿಷಯ. ಗಡಿಯ ಹೊಳೆಗೆ ಒಂದು ಕಬ್ಬಿಣದ ಸೇತುವೆ. ನಮ್ಮ ಕಡೆಯ ಅರ್ಧಕ್ಕೆ ನಾವು ಹಸಿರು ಬಣ್ಣ ಬಳಿಯುವುದು, ಅವರ ಕಡೆಯ ಅರ್ಧಕ್ಕೆ ಅವರು ಕಂದು ಬಳಿಯುವುದು. ಆ ವರ್ಷ ನಮ್ಮ ಬಣ್ಣದವನ ಡಬ್ಬಿಯಲ್ಲಿ ಒಂದಿಷ್ಟು ಉಳಿಯಿತು. ಉಳಿದದ್ದನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ ಎಂದು ಆ ಪುಣ್ಯಾತ್ಮ ನಡುಗೆರೆ ದಾಟಿ ಇನ್ನೂ ಒಂದು ಮೊಳ ಬಳಿದು, ಕುಂಚ ತೊಳೆದು ಮನೆಗೆ ಹೋದ. ಅವರು ಅದನ್ನು ಕೆರೆದರು. ಕೆರೆಯುವಾಗ ನಮ್ಮ ಹಸಿರನ್ನೂ ನಾಲ್ಕು ಬೆರಳು ಕೆರೆದರು. ನಮ್ಮ ಕಾವಲುಗಾರ ಅವರ ಬಕೆಟ್ಟು ಒದ್ದ. ಬಕೆಟ್ಟು ಹೊಳೆಗೆ ಬಿತ್ತು, ಮಾತು ರಾಜಧಾನಿಗೆ ಹೋಯಿತು. ನಮಗೊಬ್ಬ ಸ್ನೇಹಿತ ದೇಶ, ಆ ಸ್ನೇಹಿತನಿಗೆ ಬೀಗರ ದೇಶ, ಅದೂ ಸಾಲದೆಂದು ಎದುರಿನವರ ಕಡೆಯೂ ಅಷ್ಟೇ ನಂಟಸ್ತನ. ಎರಡು ವಾರದಲ್ಲಿ ಆ ಸೇತುವೆಯನ್ನು ನಕ್ಷೆಯಲ್ಲೂ ನೋಡಿರದ ಒಂಬತ್ತು ದೇಶಗಳು ತೋಳೇರಿಸಿ ನಿಂತವು. ಬಣ್ಣದವನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

ಭಾನುವಾರ ಹುಕುಂ ಹೊರಬಿತ್ತು. ಸೋಮವಾರ ಬೆಳಗಿನ ಐದು ಗಂಟೆ ಹತ್ತು ನಿಮಿಷಕ್ಕೆ ಒಂದನೇ ನಂಬರಿನ ರೈಲು ಹೊರಡುವಾಗ ದೊಡ್ಡಪ್ಪ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದ್ದರು. ಹನ್ನೆರಡು ವರ್ಷ ಕಾಗದದ ಮೇಲೆ ಓಡಿದ ರೈಲು ಹಳಿಯ ಮೇಲೆ ಓಡಿತು, ಅದೂ ಒಂದು ಸೆಕೆಂಡೂ ಆಚೀಚೆ ಆಗದೆ. ಸುತ್ತಲೂ ತಾಯಂದಿರು, ಹೆಂಡಂದಿರು ಗೋಳೋ ಎನ್ನುತ್ತಿದ್ದರೆ ದೊಡ್ಡಪ್ಪನ ಕಣ್ಣಲ್ಲೂ ನೀರು, ಆದರೆ ಅದು ಆನಂದದ್ದು.

ಅದೇ ಸಂಜೆ ಮನೆಗೆ ಸೈನ್ಯ ಸೇರಲು ಎರಡು ಕರೆ ಚೀಟಿ ಬಂದವು. ನಿಧಾನಿಗೆ ಬುಧವಾರ ಬೆಳಿಗ್ಗೆ ಆರು ನಲವತ್ತಕ್ಕೆ ಇನ್ನೂರ ಮೂವತ್ತೇಳನೇ ರೈಲು. ನಮ್ಮಪ್ಪನಿಗೆ ಶನಿವಾರ, ಐನೂರ ಹದಿನೇಳನೇ ರೈಲು.

ದೊಡ್ಡಪ್ಪ ಮಗನ ಚೀಟಿಯನ್ನು ಕನ್ನಡಕ ಏರಿಸಿ ನೋಡಿದರು. “ಒಳ್ಳೇ ರೈಲು ಕಣೋ. ಎಲ್ಲೂ ನಿಲ್ಲಲ್ಲ.”

“ಎಲ್ಲಾದ್ರೂ ನಿಂತ್ರೆ ಚೆನ್ನಾಗಿತ್ತಪ್ಪ,” ಅಂದ ನಿಧಾನಿ. “ನನ್ನ ಗುಲಾಬಿ ಕಸಿ ಇನ್ನೂ ಹತ್ತಿಲ್ಲ.”

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಒಂದು ಅನಾಹುತವಾಯಿತು: ಶಾಂತಿ ಬರುವ ಹಾಗೆ ಕಂಡಿತು. ಎದುರು ದೇಶದಿಂದ ತಂತಿ ಬಂದಿತ್ತು, ನೀವು ರೈಲು ನಿಲ್ಲಿಸಿ ಹಿಂದಕ್ಕೆ ತಿರುಗಿಸಿದರೆ ನಾವೂ ತಿರುಗಿಸುತ್ತೇವೆ, ಸಂಜೆ ಐದರೊಳಗೆ ಉತ್ತರ ಕೊಡಿ ಎಂದು. ಹತ್ತು ಗಂಟೆಗೆ ದೊಡ್ಡಪ್ಪನನ್ನು ಮಂತ್ರಿಗಳ ಕೋಣೆಗೆ ಕರೆಸಿದರು. ಉದ್ದನೆಯ ಮೇಜು, ಎತ್ತರದ ಕುರ್ಚಿಗಳು, ಗೋಡೆಗೆ ಒರಗಿ ನಿಂತ ಸೇನಾಪತಿಗಳು. ದೊಡ್ಡ ಸಾಹೇಬರು ದೊಡ್ಡಪ್ಪನ ಪಕ್ಕದಲ್ಲೇ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು. ವಾಪಸಿನ ಹಾಳೆ ಇಲ್ಲ ಎನ್ನುವುದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಅವರಿಬ್ಬರಿಗೆ ಮಾತ್ರ.

ಮಂತ್ರಿಗಳು ಕೇಳಿದರು: “ಏನಯ್ಯಾ, ಈ ರೈಲುಗಳನ್ನ ಹಿಂದಕ್ಕೆ ತಿರುಗಿಸೋಕಾಗುತ್ತಾ?”

ನಿಜವಾದ ಉತ್ತರ ಇದು: ‘ಅದರ ಹಾಳೆ ಮಾಡಿಲ್ಲ, ಸಾರ್. ಹನ್ನೆರಡು ವರ್ಷದಿಂದ ಮಾಡಿಲ್ಲ.’ ಆದರೆ ಹಾಗಂದರೆ ಭೂಮಂಡಲದಲ್ಲೇ ಪರಿಪೂರ್ಣವಾದ ವೇಳಾಪಟ್ಟಿಯಲ್ಲಿ ಅರ್ಧ ಇಲ್ಲವೆಂದು ಒಪ್ಪಿಕೊಂಡ ಹಾಗೆ. ದೊಡ್ಡಪ್ಪ ಸೊಂಟ ನೆಟ್ಟಗೆ ಮಾಡಿಕೊಂಡರು, ಗಂಟಲು ಸರಿಪಡಿಸಿಕೊಂಡರು.

“ಆಗಲ್ಲ, ಸಾರ್. ಅದು ಅಸಾಧ್ಯ.”

ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ದೊಡ್ಡಪ್ಪ ಅದನ್ನು ದುಃಖದ ನಿಟ್ಟುಸಿರು ಎಂದುಕೊಂಡರಂತೆ. ದೊಡ್ಡಮ್ಮ ಹೇಳುವ ಪ್ರಕಾರ ಅದು ಹಲ್ಲುನೋವಿನವನಿಗೆ ಇವತ್ತು ಡಾಕ್ಟರಿಲ್ಲ ಎಂದು ತಿಳಿದಾಗ ಬರುವಂಥ ಉಸಿರು. ಸೇನಾಪತಿಗಳಿಗೆ ಯುದ್ಧ ಬೇಕಿತ್ತು, ಮಂತ್ರಿಗಳಿಗೆ ಅದು ತಮ್ಮಿಂದ ಆಯಿತು ಅನ್ನಿಸಿಕೊಳ್ಳುವುದು ಬೇಡವಾಗಿತ್ತು. ರೈಲ್ವೆಯವರೇ ಆಗಲ್ಲ ಎಂದ ಮೇಲೆ ಯಾರು ಏನು ಮಾಡಲಿಕ್ಕಾಗುತ್ತದೆ!

ಒಂದು ಗಂಟೆಗೆ ಸರಿಯಾಗಿ ದೊಡ್ಡಪ್ಪ ಊಟಕ್ಕೆ ಬಂದರು. ಮಂತ್ರಿಗಳ ಮೇಜು ಎಷ್ಟು ಉದ್ದ, ಕುರ್ಚಿಯ ಬೆನ್ನು ಎಷ್ಟು ಎತ್ತರ ಎಲ್ಲ ವರ್ಣಿಸಿದರು. ತಾನು ಒಂದೇ ಮಾತಿನಲ್ಲಿ ಹೇಗೆ ಎಲ್ಲರ ಬಾಯಿ ಮುಚ್ಚಿಸಿದೆ ಎಂದೂ ಹೇಳಿದರು. ದೊಡ್ಡಮ್ಮ ಬಡಿಸುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದರು.

“ಒಂದ್ನಿಮಿಷ. ತಿರುಗಿಸೋಕಾಗುತ್ತಾ ಅಂತ ಅವ್ರು ಕೇಳಿದ್ರು. ನೀವು ಆಗಲ್ಲ ಅಂದ್ರಿ. ಆಗಲ್ವಾ, ಇಲ್ಲ ನೀವು ಮಾಡಿಲ್ವಾ?”

“ಎರಡೂ ಒಂದೇ ಕಣೇ.”

“ಒಂದೇ ಹೇಗಾಗುತ್ರೀ? ಶರ್ಟಿಗೆ ತೋಳು ಇಡೋಕಾಗಲ್ಲ ಅನ್ನೋದೂ, ನಾನು ತೋಳು ಹೊಲಿದಿಲ್ಲ ಅನ್ನೋದೂ ಒಂದೇನಾ?”

“ನಿನಗೆ ಅರ್ಥವಾಗಲ್ಲ. ಒಂಟಿ ಹಳಿ. ಎಪ್ಪತ್ತು ಚಿಲ್ಲರೆ ರೈಲು ದಾರಿಯಲ್ಲಿವೆ. ಅಷ್ಟನ್ನೂ ತಿರುಗಿಸೋದು ಅಂದ್ರೆ ತಮಾಷೆ ಅಂದ್ಕೊಂಡ್ಯಾ?”

“ನಾಳೆ ಬೆಳಿಗ್ಗೆ ಹೋಗೋನು ನಿಮ್ಮ ಮಗ ಕಣ್ರೀ. ಅದಂತೂ ತಮಾಷೆ ಅಲ್ಲ.”

ದೊಡ್ಡಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಇನ್ನೂರ ಮೂವತ್ತೇಳು ಎಂಬುದು ಅವರಿಗೆ ಅಷ್ಟು ಹೊತ್ತಿನ ತನಕ ಒಂದು ಗೆರೆಯಾಗಿತ್ತು. ಆ ಗೆರೆಯೊಳಗೆ ಮೂಗು ಸೊರಸೊರ ಎನ್ನಿಸುತ್ತ, ಗುಲಾಬಿ ಕಸಿಯ ಚಿಂತೆ ಮಾಡುತ್ತ ತಮ್ಮ ಮಗ ಕೂತಿರುತ್ತಾನೆ ಎಂಬುದು ಆಗಷ್ಟೇ ತಲೆಗೆ ಹೋಯಿತು.

ದೊಡ್ಡಮ್ಮ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಗುಂಡಿಯ ಡಬ್ಬಿ ತಂದು ಮೇಜಿನ ಮೇಲೆ ಸುರಿದರು. ಬಿಳಿ ಗುಂಡಿ, ಕರಿ ಗುಂಡಿ, ಕೋಟಿನ ದಪ್ಪ ಗುಂಡಿ. ಮೇಜಿನುದ್ದಕ್ಕೂ ಒಂದು ಬಿಳಿ ದಾರ ಎಳೆದರು.

“ಇದು ಹಳಿ. ಗುಂಡಿ ರೈಲು. ಈಗ ಹೇಳಿ, ಯಾವುದು ಎಲ್ಲಿದೆ?”

ಜಗತ್ತಿನ ಇತಿಹಾಸದಲ್ಲಿ ಅಷ್ಟು ದೊಡ್ಡ ಸೈನ್ಯವನ್ನು ಅಷ್ಟು ಚಿಕ್ಕ ಮೇಜಿನ ಮೇಲೆ ಯಾರೂ ನಡೆಸಿರಲಿಕ್ಕಿಲ್ಲ. ದೊಡ್ಡಪ್ಪ ಗುಂಡಿ ಇಡುವುದು, ದೊಡ್ಡಮ್ಮ “ಅದರ ಹಿಂದಿನದು ಪಕ್ಕಕ್ಕೆ ಸರಿದ್ರೆ ಇದು ದಾಟಲ್ವಾ?” ಎಂದು ಕೇಳುವುದು, ದೊಡ್ಡಪ್ಪ “ನಿನ್ನ ತಲೆ!” ಎಂದು ರೇಗುವುದು, ಆಮೇಲೆ ಗುಂಡಿಯನ್ನೇ ದಿಟ್ಟಿಸಿ, “ದಾಟುತ್ತೆ” ಎಂದು ಗೊಣಗುವುದು. ಮೊದಲು ಎಲ್ಲವನ್ನೂ ಇದ್ದಲ್ಲೇ ನಿಲ್ಲಿಸುವುದು; ಕೊನೆಯದನ್ನು ಮೊದಲು ಹಿಂದಕ್ಕೆಳೆಯುವುದು; ಎಂಜಿನ್ನು ಬಿಚ್ಚಿ ಇನ್ನೊಂದು ತುದಿಗೆ ಹಚ್ಚುವುದು. ಕುದುರೆಗಳು ಒಂದೂರಿಗೆ, ಕುದುರೆಯ ಹುಲ್ಲು ಇನ್ನೊಂದೂರಿಗೆ ಹೋಗುತ್ತಿತ್ತು. ಸೈನಿಕರಿಗೆ ಎರಡು ದಿನ ಬರೀ ಬಿಸ್ಕತ್ತೇ ಗತಿಯಾಗುತ್ತಿತ್ತು. ಆದರೂ ಮೂರು ಗಂಟೆ ಹೊಡೆಯುವಷ್ಟರಲ್ಲಿ ಒಂದು ಹಾಳೆ ತಯಾರಾಯಿತು: ಓರೆಕೋರೆ, ಅಳಿಸಿ ಬರೆದದ್ದು, ಅಂಚಿನಲ್ಲಿ ಊಟದ ಕಲೆ. ದೊಡ್ಡಪ್ಪ ಜೀವಮಾನದಲ್ಲಿ ಅಷ್ಟು ಕೊಳಕು ಹಾಳೆ ಮಾಡಿರಲಿಲ್ಲ. ಆದರೆ ಅದರ ಪ್ರಕಾರ ಅರವತ್ತೆರಡು ಗಂಟೆಯಲ್ಲಿ ಎಲ್ಲರೂ ಮನೆಗೆ ಬರುತ್ತಿದ್ದರು.

ಮೂರೂವರೆಗೆ ಅವರು ದೊಡ್ಡ ಸಾಹೇಬರ ಕೋಣೆಯಲ್ಲಿದ್ದರು.

“ಸಾರ್, ಆಗುತ್ತೆ. ತಿರುಗಿಸಬಹುದು.”

ಸಾಹೇಬರು ಹಾಳೆ ನೋಡಲಿಲ್ಲ, ಬಾಗಿಲು ನೋಡಿದರು, ಎದ್ದು ಹೋಗಿ ಅದನ್ನು ಮುಚ್ಚಿ ಬಂದರು. “ಏನ್ರಿ ಇದು, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು? ನೀವು ಆಗಲ್ಲ ಅಂದ್ರಿ. ನಾನು ತಲೆ ಆಡಿಸಿದೆ. ಮಂತ್ರಿಗಳು ಅದನ್ನ ಪ್ರಧಾನಿಗಳಿಗೆ ಹೇಳಿದ್ರು. ಪ್ರಧಾನಿಗಳು ಎದುರು ದೇಶಕ್ಕೆ ತಂತಿ ಕೊಟ್ಟಾಯ್ತು. ಈಗ ಆಗುತ್ತೆ ಅಂದ್ರೆ ನಾಲ್ಕು ಜನ ಸುಳ್ಳುಗಾರರಾಗ್ತಾರೆ.”

“ಸಾರ್, ಮಾಡಿಲ್ಲ ಅಂತ ನಿಜಾನೇ ಹೇಳಿಬಿಡೋಣ.”

“ಹನ್ನೆರಡು ವರ್ಷ ಯಾಕೆ ಮಾಡಿಲ್ಲ ಅಂತ ಕೇಳ್ತಾರಲ್ಲ, ಏನು ಹೇಳ್ತೀರಿ?”

ಸಾಹೇಬರು ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಂದಕ್ಕೆ ಕೊಟ್ಟರು. “ಅದೂ ಅಲ್ದೆ, ಇದರ ಮೇಲೆ ಏನೋ ಚೆಲ್ಲಿದೆ.”

ಹೀಗೆ ನಾಲ್ಕು ದೊಡ್ಡ ಮನುಷ್ಯರ ಮಾತು ಉಳಿಯಿತು. ಅದನ್ನು ಉಳಿಸಲು ಎಷ್ಟು ಜನ ಬೇಕಾದರು ಎಂಬ ಲೆಕ್ಕ ಪಠ್ಯಪುಸ್ತಕದ ಅದೇ ಪಾಠದ ಕೊನೆಗಿದೆ, ಆದರೆ ಪರೀಕ್ಷೆಗೆ ಕೇಳುವುದಿಲ್ಲ. ಎದುರು ದೇಶದ ವೇಳಾಪಟ್ಟಿ ವಿಭಾಗದಲ್ಲೂ ಒಬ್ಬ ಹಿರಿಯ ಗುಮಾಸ್ತ, ಅವನೂ ಅದೇ ಮಂಗಳವಾರ ಸೊಂಟ ನೆಟ್ಟಗೆ ಮಾಡಿಕೊಂಡು ‘ಆಗಲ್ಲ’ ಎಂದಿದ್ದ ಎಂದು ಆಮೇಲೆ ಗೊತ್ತಾಯಿತು.

ದೊಡ್ಡಪ್ಪ ತಮ್ಮ ಮೇಜಿಗೆ ಬಂದು ಕೂತರು. ಎದುರಿಗೆ ಗೋಡೆಯ ಮೇಲೆ ಆ ಮಹಾಕೃತಿ ತೂಗುತ್ತಿತ್ತು. ಅರ್ಧ ಗಂಟೆ ಅದನ್ನೇ ನೋಡುತ್ತಿದ್ದರಂತೆ. ಮೇಜಿನ ಖಾನೆಯಲ್ಲಿ ತಿದ್ದುಪಡಿ ಚೀಟಿಗಳ ಕಟ್ಟೊಂದಿತ್ತು. ದಾರಿಯಲ್ಲಿ ಯಾವುದೋ ಸ್ಟೇಷನ್ನಿನಲ್ಲಿ ರೈಲೊಂದನ್ನು ಸ್ವಲ್ಪ ನಿಲ್ಲಿಸಬೇಕಾದರೆ ಆ ಚೀಟಿಯಲ್ಲಿ ಬರೆದು ಕಳಿಸುವುದು. ಐದು ನಿಮಿಷದೊಳಗಿನ ನಿಲುಗಡೆಗೆ ಹಿರಿಯ ಗುಮಾಸ್ತರ ಸಹಿಯೇ ಸಾಕು, ಮೇಲಿನವರನ್ನು ಕೇಳಬೇಕಿಲ್ಲ. ಇನ್ನು ಒಂಟಿ ಹಳಿಯ ಮೊದಲ ನಿಯಮ ಇದು: ಕ್ರಾಸಿಂಗಿಗೆ ನಿಂತ ರೈಲು, ಎದುರಿನ ರೈಲು ಬಂದು ದಾಟುವ ತನಕ ಕದಲಕೂಡದು. ಆಕಾಶವೇ ಕಳಚಿ ಬಿದ್ದರೂ ಸ್ಟೇಷನ್ ಮಾಸ್ಟರು ಸಿಗ್ನಲ್ ಕೊಡುವ ಹಾಗಿಲ್ಲ.

ದೊಡ್ಡಪ್ಪ ಪೆನ್ನು ಶಾಯಿಗೆ ಅದ್ದಿ ಬರೆದರು: ‘ರೈಲು ಸಂಖ್ಯೆ 237. ಪಕ್ಕದ ಹಳಿಯಲ್ಲಿ ನಿಲುಗಡೆ ನಾಲ್ಕು ನಿಮಿಷ. ಕಾರಣ: 238ರ ಜೊತೆ ಕ್ರಾಸಿಂಗ್.’

ಇನ್ನೂರ ಮೂವತ್ತೆಂಟು ಎಂಬ ರೈಲು ಇರಲಿಲ್ಲ. ಸಮ ಸಂಖ್ಯೆಯ ಯಾವ ರೈಲೂ ಇರಲಿಲ್ಲ.

ಆಮೇಲೆ ಅವರು ಏಣಿ ಹತ್ತಿ, ತಮ್ಮ ಕೈಯಾರೆ, ಗೋಡೆಯ ಹಾಳೆಯ ಮೇಲೆ ಬಾಚಿದ ಕೂದಲಿನಂಥ ಆ ಗೆರೆಗಳ ನಡುವೆ ಒಂದು ಸೊಟ್ಟ ಗಂಟು ಹಾಕಿದರು. ಇಳಿದವರು ಪೆನ್ನನ್ನು ಮೂರು ಸಲ ಒರೆಸಿದರಂತೆ. ಹಾಳೆ ಕೆಟ್ಟಿತಲ್ಲ ಎಂದೋ ಬೇರೆ ಯಾವುದಕ್ಕೋ, ನನಗೆ ಗೊತ್ತಿಲ್ಲ.

ಬುಧವಾರ ಇನ್ನೂರ ಮೂವತ್ತೇಳು ಆರು ನಲವತ್ತಕ್ಕೆ ಹೊರಟಿತು: ಆರುನೂರು ಜನ, ನಲವತ್ತು ಕುದುರೆ, ಒಬ್ಬ ನಿಧಾನಿ. ಹನ್ನೊಂದು ಗಂಟೆಗೆ ಬಯಲಿನ ನಡುವೆ ಎರಡು ಬೆಂಚು, ಒಂದು ಬಾವಿ, ಒಬ್ಬ ಸ್ಟೇಷನ್ ಮಾಸ್ಟರು ಇದ್ದ ಒಂದು ಸ್ಟೇಷನ್ನಿನ ಪಕ್ಕದ ಹಳಿಗೆ ಸರಿದು ನಿಂತಿತು. ಹಿಂದಿನ ರೈಲುಗಳು ನೇರ ಹಳಿಯಲ್ಲಿ ಧಡಧಡನೆ ದಾಟಿ ಹೋದವು. ನಾಲ್ಕು ನಿಮಿಷವಾಯಿತು, ನಾಲ್ಕು ಗಂಟೆಯಾಯಿತು. ದಳದ ಕ್ಯಾಪ್ಟನ್ನು ಸ್ಟೇಷನ್ ಮಾಸ್ಟರ ಕೋಣೆಗೆ ನುಗ್ಗಿದ.

“ಯಾಕ್ರೀ ಬಿಡ್ತಿಲ್ಲ?”

“ಕ್ರಾಸಿಂಗ್, ಸಾರ್.”

“ಯಾವಾಗ ಬರುತ್ತೆ ಅದು?”

“ಬಂದಾಗ ಬರುತ್ತೆ. ಅಲ್ಲೀತನಕ ನೀವು ಲೇಟಲ್ಲ ಸಾರ್, ನಿಲುಗಡೆಯಲ್ಲಿದ್ದೀರಿ.”

ನಿಲುಗಡೆಯಲ್ಲಿ ಅವರು ನಾಲ್ಕು ವರ್ಷ ಇದ್ದರು. ತಿಂಗಳಿಗೊಮ್ಮೆ ಸೇನೆಯ ಮುಖ್ಯ ಕಚೇರಿಯಿಂದ ತಂತಿ: ‘237 ಎಲ್ಲಿದೆ?’ ಸ್ಟೇಷನ್ ಮಾಸ್ಟರ ಉತ್ತರ: ‘ದಾರಿಯಲ್ಲಿದೆ. ವೇಳಾಪಟ್ಟಿಯಂತೆ.’ ಕಚೇರಿಗೆ ಪರಮ ಸಮಾಧಾನ. ಗಡಿಯಲ್ಲಿ ಯಾವುದೂ ವೇಳಾಪಟ್ಟಿಯಂತೆ ನಡೆಯದೆ ಇದ್ದ ಕಾಲದಲ್ಲಿ ಇದೊಂದಾದರೂ ನಡೆಯುತ್ತಿದೆಯಲ್ಲ! ಮೊದಲ ಚಳಿಗಾಲಕ್ಕೆ ಮೊದಲೇ ನಿಧಾನಿ ಬಯಲು ಅಗೆದು ಆಲೂಗಡ್ಡೆ ಹಾಕಿದ. ಎರಡನೇ ವರ್ಷ ಬೋಗಿಗಳ ಕಿಟಕಿಗಳಿಗೆ ಬಳ್ಳಿ ಹಬ್ಬಿತು. ಮೂರನೇ ವರ್ಷ ಕ್ಯಾಪ್ಟನ್ನು ಸ್ಟೇಷನ್ ಮಾಸ್ಟರ ತಂಗಿಯನ್ನು ಮದುವೆಯಾದ. ಅಲ್ಲಿದ್ದ ಯಾರಿಗೂ ಗುಂಡು ತಗುಲಲಿಲ್ಲ. ಒಬ್ಬನಿಗೆ ಕುದುರೆ ಒದ್ದದ್ದೇ ದೊಡ್ಡ ಗಾಯ.

ಇಲ್ಲಿಗೆ ನಿಲ್ಲಿಸಿದರೆ ನಕ್ಕು ಎದ್ದುಹೋಗಬಹುದು. ಆದರೆ ಮಂಗಳವಾರಕ್ಕೂ ಶನಿವಾರಕ್ಕೂ ನಡುವೆ ನಾಲ್ಕು ದಿನವಿತ್ತು. ಖಾನೆಯಲ್ಲಿ ಚೀಟಿಯ ಕಟ್ಟು ಇತ್ತು, ಪೆನ್ನಿನಲ್ಲಿ ಶಾಯಿ ಇತ್ತು. ಶುಕ್ರವಾರ ಸಂಜೆ ಅಪ್ಪ ಮಹಡಿ ಹತ್ತಿ ಹೋಗಿ ಅಣ್ಣನ ಬೂಟಿಗೆ ಹೊಸ ಹಿಮ್ಮಡಿ ಹೊಡೆದುಕೊಟ್ಟು ಬಂದರು. “ನಾನು ಬರೋವರೆಗೆ ತಡೆಯುತ್ತೆ, ಅಣ್ಣ,” ಅಂದರಂತೆ. ದೊಡ್ಡಪ್ಪ ಬೂಟು ತಿರುಗಿಸಿ ಮುರುಗಿಸಿ ನೋಡಿದರು. ಒಂದು ಕ್ರಾಸಿಂಗ್ ಆದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಎರಡಾದರೆ ಸಾಹೇಬರು ಕೇಳುತ್ತಾರೆ, ಕೇಳಿದರೆ ಮೊದಲನೆಯದೂ ಸಿಕ್ಕಿಬೀಳುತ್ತದೆ ಎಂದು ಅವರ ಲೆಕ್ಕ. ಐನೂರ ಹದಿನೇಳು ಶನಿವಾರ ಸರಿಯಾದ ಸಮಯಕ್ಕೆ ಹೊರಟು, ಸರಿಯಾದ ಸಮಯಕ್ಕೆ ಗಡಿ ತಲುಪಿತು. ಆ ಗೆರೆ ಹಾಳೆಯಲ್ಲಿ ಈಗಲೂ ಬಹಳ ಅಂದವಾಗಿದೆ. ಅಪ್ಪ ಬರಲಿಲ್ಲ.

ಯುದ್ಧ ಮುಗಿಯಿತು. ಸೇತುವೆ ಯುದ್ಧದ ಮೂರನೇ ದಿನವೇ ಹೊಳೆಗೆ ಬಿದ್ದಿದ್ದರಿಂದ ಬಣ್ಣದ ತಕರಾರು ಇತ್ಯರ್ಥವಾಗದೆ ಹಾಗೇ ಉಳಿಯಿತು. ಉಳಿದವರನ್ನು ಕರೆತರಲು ವಾಪಸಿನ ಹಾಳೆ ಬೇಕಾಯಿತು. ದೊಡ್ಡಪ್ಪ ಅದನ್ನು ಒಂದೇ ವಾರದಲ್ಲಿ, ಮೂರು ಬಣ್ಣಗಳಲ್ಲಿ, ಕಲೆಯಿಲ್ಲದೆ ಮಾಡಿದರು. ಎರಡು, ನಾಲ್ಕು, ಆರು ಎಂದು ಸಮ ಸಂಖ್ಯೆಯ ರೈಲುಗಳು ಬರತೊಡಗಿದವು. ಇನ್ನೂರ ಮೂವತ್ತೆಂಟೂ ಬಂತು. ಆ ಪುಟ್ಟ ಸ್ಟೇಷನ್ನನ್ನು ಅದು ದಾಟಿದ ತಕ್ಷಣ ಸ್ಟೇಷನ್ ಮಾಸ್ಟರು ಟೋಪಿ ಸರಿಪಡಿಸಿಕೊಂಡು ಇನ್ನೂರ ಮೂವತ್ತೇಳಕ್ಕೆ ಸಿಗ್ನಲ್ ಕೊಟ್ಟರು. ಯಾವ ಕಡೆಗೆ? ನಿಯಮದ ಪ್ರಕಾರ ಗಡಿಯ ಕಡೆಗೇ. ಬಳ್ಳಿ ಕಿತ್ತು, ಆಲೂಗಡ್ಡೆ ಮೂಟೆ ಹೇರಿಕೊಂಡು, ಕ್ಯಾಪ್ಟನ್ನಿನ ಹೆಂಡತಿಯನ್ನೂ ಕೂರಿಸಿಕೊಂಡು, ಆರುನೂರು ಜನ ಶಾಂತಿ ಬಂದ ಐದನೇ ವಾರ ರಣರಂಗಕ್ಕೆ ಧಾವಿಸಿದರು. ಅಲ್ಲಿ ಒಬ್ಬ ಕಾವಲುಗಾರನ ಹೊರತು ಯಾರೂ ಇರಲಿಲ್ಲ. ಅವನು ಆಲೂಗಡ್ಡೆ ಕೊಂಡುಕೊಂಡು ಅವರನ್ನು ವಾಪಸು ಕಳಿಸಿದ.

ನಿಧಾನಿ ಗುಂಡಗೆ, ಕೆಂಪಗೆ ಮನೆಗೆ ಬಂದ. ಬಾಗಿಲಲ್ಲೇ ದೊಡ್ಡಮ್ಮ ಅವನನ್ನು ತಬ್ಬಿಕೊಂಡು ಅತ್ತರು. ಆಮೇಲೆ ತಲೆ ಎತ್ತಿದಾಗ ಅಂಗಡಿಯ ಬಾಗಿಲಲ್ಲಿ ಅಮ್ಮ ನಿಂತಿದ್ದರು. ಅವನು ಕ್ರಾಸಿಂಗಿನ ಕಥೆ ಹೇಳಿದ, ಎಲ್ಲರೂ ಕೇಳಿದರು. ಅಮ್ಮ ಕೊನೆಯ ತನಕ ನಿಂತು ಕೇಳಿ, ಒಳಗೆ ಹೋಗಿ ಸುತ್ತಿಗೆ ಕೈಗೆತ್ತಿಕೊಂಡರು. ಅಪ್ಪ ಹೋದಂದಿನಿಂದ ಅಂಗಡಿ ಅವರದೇ. ಅಲ್ಲಿಂದ ಮುಂದೆ ನಾಲ್ಕು ವರ್ಷ ಅವರು ಭಾವನ ಜೊತೆ ಆಡಿದ ಮಾತೆಲ್ಲ ಬೂಟಿನ ವಿಷಯ ಮಾತ್ರ: “ಕೊಡಿ,” “ಆಯ್ತು,” “ತಗೊಳ್ಳಿ.”

ಆ ನಾಲ್ಕು ವರ್ಷ ಕಳೆದ ಮೇಲೆ ಸರ್ಕಾರ ಯುದ್ಧದ ಕಾರಣ ಹುಡುಕಲು ಒಂದು ಆಯೋಗ ಮಾಡಿತು. ಮೂವರು ಹಿರಿಯರು, ಒಂದು ನೀರಿನ ಹೂಜಿ, ಒಬ್ಬ ಬರಹಗಾರ. ಎಲ್ಲ ದಾಖಲೆ ತಿರುವುವಾಗ ನಾಲ್ಕು ವರ್ಷ ನಾಲ್ಕು ನಿಮಿಷ ನಿಂತ ರೈಲು ಅವರ ಕಣ್ಣಿಗೆ ಬಿತ್ತು. ದೊಡ್ಡಪ್ಪನನ್ನು ಕರೆಸಿದರು. ದೊಡ್ಡಮ್ಮನೂ ಜೊತೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು. ಮುಂದಿನದೆಲ್ಲ ಅವರು ಹೇಳಿದ್ದು.

“ಈ 237 ಯಾಕೆ ನಿಂತಿತ್ತು?”

“ಕ್ರಾಸಿಂಗ್, ಸ್ವಾಮಿ. 238ರ ಜೊತೆ.”

“ಆದರೆ 238 ಅಂತ ಯಾವ ರೈಲೂ ಇರಲಿಲ್ಲವಲ್ಲ?”

“ಇರಲಿಲ್ಲ. ಅದಕ್ಕೇ ಅಷ್ಟು ಹೊತ್ತು ಕಾಯ್ತಿತ್ತು.”

ಜನ ಗೊಳ್ಳೆಂದು ನಕ್ಕರು. ಬರಹಗಾರನೂ ನಕ್ಕ. ಅಧ್ಯಕ್ಷರು ನಗಲಿಲ್ಲ. ಅವರು ಕನ್ನಡಕ ತೆಗೆದು ಒರೆಸುತ್ತ ಮೆಲ್ಲಗೆ ಕೇಳಿದರು:

“ಹಾಗಾದರೆ ಬೇರೆ ರೈಲುಗಳಿಗೂ ಹೀಗೇ ನಾಲ್ಕು ನಿಮಿಷ ಬರೆಯಬಹುದಿತ್ತೋ?”

ದೊಡ್ಡಪ್ಪ ಸೊಂಟ ನೆಟ್ಟಗೆ ಮಾಡಿಕೊಳ್ಳಲಿಲ್ಲ. ಬೂಟಿನ ತುದಿ ನೋಡುತ್ತ ನಿಂತರು. ಗೋಡೆಯ ಗಡಿಯಾರದಲ್ಲಿ ದೊಡ್ಡಮ್ಮ ಎಣಿಸಿದರಂತೆ, ಪೂರಾ ಒಂದು ನಿಮಿಷ.

“ಆಗ್ತಿತ್ತು, ಸ್ವಾಮಿ,” ಅಂದರು. “ಬರೆಯೋದೂ ಆಗ್ತಿತ್ತು. ಮಂಗಳವಾರ ಎಲ್ಲಾ ರೈಲೂ ತಿರುಗಿಸೋದೂ ಆಗ್ತಿತ್ತು. ನಾನು ಆಗಲ್ಲ ಅಂದೆ.”

ಅಧ್ಯಕ್ಷರು ಎಡಗಡೆಯ ಹಿರಿಯರ ಮುಖ ನೋಡಿದರು, ಅವರು ಬಲಗಡೆಯವರ ಮುಖ ನೋಡಿದರು. ವರದಿಯಲ್ಲಿ ಅದಾಗಲೇ ಐದು ಕಾರಣಗಳು ಅಚ್ಚುಕಟ್ಟಾಗಿ ಕೂತಿದ್ದವು, ಐದೂ ಯಾರ ಮನೆಯವೂ ಅಲ್ಲ. ಅಧ್ಯಕ್ಷರು ಬರಹಗಾರನಿಗೆ, “ಇದು ವಿಷಯಕ್ಕೆ ಸಂಬಂಧಿಸಿದ್ದಲ್ಲ, ಬರೆಯಬೇಡಿ,” ಎಂದರು. ದೊಡ್ಡಪ್ಪನಿಗೆ, “ನೀವಿನ್ನು ಹೋಗಬಹುದು,” ಎಂದರು. ಮುಂದಿನ ವರ್ಷ ಆ ಐದು ಕಾರಣ ನನ್ನ ಪಠ್ಯಪುಸ್ತಕಕ್ಕೆ ಬಂದು, ನಾನು ಹತ್ತಕ್ಕೆ ಹತ್ತು ತೆಗೆದೆ.

ಆಯೋಗದಿಂದ ಮನೆಗೆ ಬಂದ ದಿನ ದೊಡ್ಡಪ್ಪ ದೊಡ್ಡಮ್ಮನನ್ನು ಮೇಲಕ್ಕೆ ಕಳಿಸಿ, ಅಂಗಡಿಯ ಗಿರಾಕಿಗಳ ಸ್ಟೂಲಿನ ಮೇಲೆ ಕೂತರು. ಅಮ್ಮ ಯಾರದೋ ಬೂಟಿಗೆ ಅಟ್ಟೆ ಹೊಲಿಯುತ್ತಿದ್ದರು. ನಾನು ಒಳಬಾಗಿಲ ಹತ್ತಿರ ದಾರಕ್ಕೆ ಮೇಣ ಹಚ್ಚುತ್ತಿದ್ದೆ. ದೊಡ್ಡಪ್ಪ ಬೂಟು ಬಿಚ್ಚಲಿಲ್ಲ. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು ಹೇಳಿದರು:

“ಆಗ್ತಿತ್ತು ಅಂತ ಹೇಳಿ ಬಂದೆ, ತಾಯಿ. ಎಲ್ಲರ ಮುಂದೆ.”

ಅಮ್ಮ ದಾರ ಎಳೆದು ಬಿಗಿ ಮಾಡಿದರು, ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದರು. ತಲೆ ಎತ್ತಲಿಲ್ಲ.

“ಎಂಟು ವರ್ಷ ಲೇಟು, ಭಾವ.”

ದೊಡ್ಡಪ್ಪ ಅಭ್ಯಾಸಬಲದಿಂದ ಜೇಬಿನ ಗಡಿಯಾರಕ್ಕೆ ಕೈ ಹಾಕಿದರು. ಹೊರಗೆ ತೆಗೆಯಲಿಲ್ಲ.